ಕರೆಂಟ್ ಹೋದಾಗ ಮಾಯವಾದ ಕತ್ತಿ: ಒಂದು ಓಪನ್ ಬೀಟಾದ ಪ್ರಕರಣ

ಆರು ಜನ ಗೆಳೆಯರು ಒಂದು ಮೊಬೈಲ್ ಗೇಮ್‌ನ ಓಪನ್ ಬೀಟಾದಲ್ಲಿ, ಅಂದರೆ ಬಿಡುಗಡೆಗೆ ಮುಂಚೆ ಎಲ್ಲರಿಗೂ ತೆರೆದಿಡುವ ಪರೀಕ್ಷಾ ಆವೃತ್ತಿಯಲ್ಲಿ, 22 ದಿನ ಆಡಿದರು. ಅದರಿಂದ ಒಬ್ಬನ ಮನೆಯಲ್ಲಿ ದುಡ್ಡಿನ ತೊಂದರೆಯಾಯಿತು, ಇಬ್ಬರು ಗುಂಪು ಬಿಟ್ಟು ಹೋದರು. ಅದೇ ಗುಂಪಿನ ಒಬ್ಬ ಹುಡುಗಿ ಕಂಪನಿಯವರ ಕಣ್ಣಿಗೆ ಬೀಳದ ಒಂದು ಬಗ್ (ಗೇಮ್‌ನೊಳಗಿನ ದೋಷ) ಹಿಡಿದುಕೊಟ್ಟಳು. ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಪೂರ್ತಿ ಬರೆಯುತ್ತಿದ್ದೇನೆ. ಗೇಮ್, ಕಂಪನಿ, ಊರು, ಜನ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಬೀಟಾ ಶುರುವಾದಾಗ ಇಂಥದ್ದೊಂದು ಬರಹ ಆ ಹುಡುಗರ ಕೈಗೆ ಸಿಕ್ಕಿದ್ದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಹಿನ್ನೆಲೆ

ಗುಂಪು ಮಧ್ಯ ಕರ್ನಾಟಕದ ಒಂದು ಊರಿನದು. ಮುಂದಾಳನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. ವಯಸ್ಸು 24, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ, ನನ್ನ ಚಿಕ್ಕಪ್ಪನ ಮಗ. ಎಲ್ಲರಿಗಿಂತ ಚಿಕ್ಕವನು ಸೆಕೆಂಡ್ ಪಿಯು ಓದುತ್ತಿದ್ದ, 17 ವರ್ಷ. ಬಿಸಿಎ ಮಾಡುತ್ತಿದ್ದ ಹುಡುಗಿ ಒಬ್ಬಳು. ಇನ್ನು ಮೂವರು ಹುಡುಗರು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಗೇಮ್‌ಗಳದ್ದಲ್ಲ, ಬ್ಯಾಂಕಿನ ಆ್ಯಪ್‌ಗಳದ್ದು. ಹಬ್ಬಕ್ಕೆ ಊರಿಗೆ ಹೋದಾಗ ಈ ಪ್ರಕರಣದೊಳಗೆ ಬಂದೆ.

ಆರೂ ಜನ ಪಬ್‌ಜಿ ಮೊಬೈಲ್ ಕಾಲದಿಂದ ಒಟ್ಟಿಗೆ ಆಡಿದವರು. 2020ರ ಸೆಪ್ಟೆಂಬರ್ 2ರಂದು ಆ ಗೇಮ್ ನಮ್ಮ ದೇಶದಲ್ಲಿ ಬ್ಯಾನ್ ಆಯಿತು. ಮಾರನೇ ವರ್ಷ ಜೂನ್ 17ಕ್ಕೆ ಅದರದೇ ಭಾರತದ ಆವೃತ್ತಿ ಬಿಜಿಎಂಐ ಅರ್ಲಿ ಆಕ್ಸೆಸ್ ಅಂತ ಬಂತು, ಜುಲೈ 2ಕ್ಕೆ ಅಧಿಕೃತ ಬಿಡುಗಡೆ. ಹಳೆಯ ಅಕೌಂಟಿನ ಡ್ರೆಸ್ಸು, ಗನ್ ಸ್ಕಿನ್ನುಗಳನ್ನು ಅದರೊಳಗೆ ತಂದುಕೊಳ್ಳಬಹುದಿತ್ತು. ಆ ಎರಡು ವಾರ ಆಡಿದ್ದು ಬಿಡುಗಡೆಯ ದಿನ ಹಾಗೇ ಉಳಿಯಿತು. ಈ ಅನುಭವ ಕ್ಯಾಪ್ಟನ್ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ‘ಬಿಡುಗಡೆಗೆ ಮುಂಚೆ ಆಡಲು ಸಿಗುವುದು’ ಅಂದರೆ ಅವನ ಲೆಕ್ಕದಲ್ಲಿ ಬೇಗ ಬಂದವನಿಗೆ ಮುಂದಿನ ಸಾಲಿನ ಸೀಟು. ತಪ್ಪು ಶುರುವಾದದ್ದು ಇಲ್ಲೇ. ಇದನ್ನು ದಡ್ಡತನ ಅನ್ನಲು ನನಗೆ ಮನಸ್ಸಿಲ್ಲ. ಅವನು ನೋಡಿದ್ದು ಹಾಗೇ ಇತ್ತು.

ಈ ಹೊಸ ಗೇಮ್ ಬೇರೆ ಜಾತಿಯದು. ಕತ್ತಿ ಗುರಾಣಿ ಹಿಡಿದು ಗವಿಗಳಿಗೆ ನುಗ್ಗುವುದು, ಗಿಲ್ಡ್ (ಆಟಗಾರರ ತಂಡ) ಕಟ್ಟುವುದು, ದಿನಗಟ್ಟಲೆ ಗ್ರೈಂಡ್ ಮಾಡಿ, ಅಂದರೆ ಅದದೇ ಕೆಲಸ ಮತ್ತೆ ಮತ್ತೆ ಮಾಡಿ, ಲೂಟ್ (ಗೇಮ್‌ನೊಳಗಿನ ಸಾಮಾನು) ಕೂಡಿಸುವುದು. ಓಪನ್ ಬೀಟಾ ಒಂದು ಶುಕ್ರವಾರ ಸಂಜೆ ತೆರೆಯಿತು. ಲಾಗಿನ್ ಆಗಲು ಎರಡು ಗಂಟೆ ಕ್ಯೂ. ಆದರೂ ರಾತ್ರಿ ಹನ್ನೊಂದಕ್ಕೆ ಆರೂ ಜನ ಒಳಗಿದ್ದರು. ಗಿಲ್ಡ್‌ಗೆ ಬೇಕಾದ ಹೆಸರೂ ಸಿಕ್ಕಿತ್ತು. ಅವತ್ತಿನ ಅವರ ವಾಟ್ಸಾಪ್ ಗ್ರೂಪ್ ಆಮೇಲೆ ನೋಡಿದೆ, ಮದುವೆ ಮನೆಯ ಹಾಗಿತ್ತು.

ಎಡವಿದ್ದು ಎಲ್ಲಿ

ಅಂಗಡಿ ತೆರೆದೇ ಇತ್ತು. ಗೇಮ್‌ನೊಳಗಿನ ಅಂಗಡಿ. ₹799ಕ್ಕೆ ಫೌಂಡರ್ ಪ್ಯಾಕ್. ಅದರಲ್ಲಿ ಒಂದು ಕುದುರೆ, ಒಂದು ಬಿರುದು, ಸ್ವಲ್ಪ ನಾಣ್ಯ. ಕ್ಯಾಪ್ಟನ್ ತೆಗೆದುಕೊಂಡ. ಗಿಲ್ಡ್‌ನಲ್ಲಿ ಎಲ್ಲರ ಹತ್ತಿರವೂ ಕುದುರೆ ಇದ್ದರೆ ಚೆನ್ನ ಅಂತ ಗ್ರೂಪಿನಲ್ಲಿ ಹಾಕಿದ. ಚಿಕ್ಕವನೂ ತೆಗೆದುಕೊಂಡ. ಆಮೇಲೆ ₹449ರ ನಾಣ್ಯದ ಕಟ್ಟು ಮೂರು ಸಲ. ಒಟ್ಟು ₹2,146. ಎಲ್ಲಾ ಅಪ್ಪನ ಫೋನಿನ ಯುಪಿಐನಿಂದ. ಪಿನ್ ಅವನಿಗೆ ಗೊತ್ತಿತ್ತು, ಅಪ್ಪನಿಗೆ ಹೇಳಿರಲಿಲ್ಲ.

ಇನ್ನೊಂದು ಚೂರು ವಿವರ ಆಮೇಲೆ ದೊಡ್ಡದಾಯಿತು. ಮೊದಲ ಸಲ ತೆರೆದಾಗ ಗೇಮ್ ವಯಸ್ಸು ಕೇಳುತ್ತಿತ್ತು. 18ಕ್ಕೆ ಕಡಿಮೆ ಇದ್ದರೆ ಮನೆಯವರ ಒಪ್ಪಿಗೆ ಬೇಕು ಅನ್ನುತ್ತಿತ್ತು. ಪಕ್ಕದಲ್ಲಿ ‘ಗೆಸ್ಟ್’ ಅಂತ ಒಂದು ಬಟನ್. ಚಿಕ್ಕವನು ಅದನ್ನೇ ಒತ್ತಿದ. ಅಂದರೆ ಅವನ ಅಕೌಂಟ್ ಯಾವ ಇಮೇಲ್‌ಗೂ ಸೇರಿರಲಿಲ್ಲ. ಆ ಒಂದು ಫೋನಿನಲ್ಲಿ, ಆ ಒಂದು ಬಾರಿಯ ಇನ್‌ಸ್ಟಾಲ್‌ನಲ್ಲಿ ಮಾತ್ರ ಅದು ಬದುಕಿತ್ತು.

ಆರನೇ ದಿನ ಕ್ಯಾಪ್ಟನ್‌ನ ಕತ್ತಿ ಹೋಯಿತು. ಮೂರು ದಿನ ಒದ್ದಾಡಿ ಸಂಪಾದಿಸಿದ ಕತ್ತಿ. ಗವಿಯಲ್ಲಿ ಎತ್ತಿಕೊಂಡ, ಸ್ಕ್ರೀನ್ ಗಕ್ಕನೆ ನಿಂತಿತು, ‘ಮತ್ತೆ ಸಂಪರ್ಕಿಸುತ್ತಿದೆ’ ಅಂತ ಸುತ್ತಿತು, ವಾಪಸ್ ಬಂದಾಗ ಚೀಲದಲ್ಲಿ ಕತ್ತಿ ಇಲ್ಲ. ಮುಂದಿನ ಮೂರು ದಿನದಲ್ಲಿ ಹುಡುಗಿಗೂ ಇನ್ನೊಬ್ಬನಿಗೂ ಇದೇ ಆಯಿತು. ಕ್ಯಾಪ್ಟನ್‌ಗೆ ಸಿಟ್ಟು ನೆತ್ತಿಗೇರಿ ಎಲ್ಲರಿಗೂ ಒಂದು ಸ್ಟಾರ್ ಹಾಕಲು ಹೇಳಿದ. ಐದು ಜನ ಹಾಕಿದರು. ‘ಕತ್ತಿ ಹೋಗ್ತಿದೆ, ಮೊದಲು ಸರಿ ಮಾಡಿ, ದುಡ್ಡು ವಾಪಸ್ ಕೊಡಿ’ ಅನ್ನೋದು ಐದೂ ರಿವ್ಯೂಗಳ ಸಾರ. ಉತ್ತರ ಬರಲಿಲ್ಲ.

ಒಂಬತ್ತನೇ ದಿನ ನಾನು ಊರಿಗೆ ಹೋದೆ. ಊಟ ಆದಮೇಲೆ ಜಗಲಿಯಲ್ಲಿ ಕೂತು ಇಡೀ ಕಥೆ ಕೇಳಿ, ಬೀಟಾದ ಪ್ರಕಟಣೆ ತೋರಿಸು ಅಂದೆ. ಅವರಲ್ಲಿ ಯಾರೂ ಅದನ್ನು ಕೊನೆಯವರೆಗೆ ಓದಿರಲಿಲ್ಲ. ನಾಲ್ಕನೇ ಪ್ಯಾರಾದಲ್ಲಿ ಮೂರು ವಾಕ್ಯ ಇದ್ದವು. ಬೀಟಾ ಮುಗಿದಮೇಲೆ ಆಟಗಾರರ ಪ್ರಗತಿಯನ್ನು ಅಳಿಸಬಹುದು. ಖರೀದಿಸಿದ ನಾಣ್ಯವನ್ನು ಬಿಡುಗಡೆಯ ನಂತರ ಲಿಂಕ್ ಮಾಡಿದ ಅಕೌಂಟಿಗೆ ನಾಣ್ಯವಾಗಿಯೇ ಹಿಂದಿರುಗಿಸಲಾಗುವುದು. ದೋಷಗಳನ್ನು ಗೇಮ್‌ನೊಳಗಿನ ರಿಪೋರ್ಟ್ ಬಟನ್ನಿನಿಂದ ತಿಳಿಸಿ.

‘ಅಳಿಸಬಹುದು ಅಂತ ತಾನೇ ಇರೋದು ಅಣ್ಣ, ಅಳಿಸ್ತೀವಿ ಅಂತ ಹೇಳಿಲ್ವಲ್ಲ’ ಅಂದ ಕ್ಯಾಪ್ಟನ್. ಕಂಪನಿಯವರು ‘ಬಹುದು’ ಅಂತ ಬರೆದಲ್ಲಿ ‘ಖಂಡಿತ’ ಅಂತಲೇ ಓದಿಕೋ ಅಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಂದೇ ಹೆಸರು, ಮೂರು ವಸ್ತು

ಅವತ್ತು ಅವರಿಗೆ ಹೇಳಿದ್ದನ್ನು ಇಲ್ಲೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಓಪನ್ ಬೀಟಾ ಅಂತ ಒಂದೇ ಹೆಸರಿಟ್ಟುಕೊಂಡು ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ.

ಮೊದಲನೆಯದು ನಿಜವಾದ ಪರೀಕ್ಷೆ. ಹತ್ತು ಜನ ಅಡುಗೆಮನೆಯಲ್ಲಿ ನಿಂತು ರುಚಿ ನೋಡುವುದು ಬೇರೆ, ಸಾವಿರ ಎಲೆ ಹಾಕಿ ಪಂಕ್ತಿ ಬಡಿಸುವುದು ಬೇರೆ, ಅಲ್ವಾ? ಲಕ್ಷ ಜನ ಒಂದೇ ನಿಮಿಷಕ್ಕೆ ಲಾಗಿನ್ ಆದರೆ ಸರ್ವರ್ ಏನಾಗುತ್ತದೆ, ನೂರಾರು ಬಗೆಯ ಫೋನುಗಳಲ್ಲಿ ಗೇಮ್ ಹೇಗೆ ಓಡುತ್ತದೆ, ಕಳ್ಳದಾರಿ ಹುಡುಕುವವರು ಯಾವ ಸಂದಿಯಲ್ಲಿ ನುಗ್ಗುತ್ತಾರೆ, ಇವನ್ನು ಆಫೀಸಿನಲ್ಲಿ ಕೂತು ತಿಳಿಯಲು ಆಗುವುದಿಲ್ಲ. ಇಂಥ ಬೀಟಾ ಮುಗಿದಮೇಲೆ ಸಾಮಾನ್ಯವಾಗಿ ವೈಪ್ ಆಗುತ್ತದೆ, ಎಲ್ಲಾ ಅಳಿಸಿ ಹೊಸದಾಗಿ ಶುರು. ವ್ಯಾಲರಂಟ್ ಅನ್ನುವ ಗೇಮ್‌ನದ್ದು ಕ್ಲೋಸ್ಡ್ ಬೀಟಾ (ಆಯ್ದ ಜನಕ್ಕೆ ಮಾತ್ರ ತೆರೆದದ್ದು) ಆದರೂ ಒಳ್ಳೆಯ ಉದಾಹರಣೆ. ಅದು 2020ರ ಏಪ್ರಿಲ್ 7ರಿಂದ ಮೇ 28ರವರೆಗೆ ನಡೆಯಿತು. ಪ್ರಗತಿ ಪೂರ್ತಿ ಅಳಿಸಿದರು. ದುಡ್ಡು ಕೊಟ್ಟು ತೆಗೆದುಕೊಂಡ ಪಾಯಿಂಟ್‌ಗಳನ್ನು ಶೇ. 20 ಸೇರಿಸಿ ಪಾಯಿಂಟ್ ರೂಪದಲ್ಲೇ ಹಿಂದಿರುಗಿಸಿದರು.

ಎರಡನೆಯದು ಬೀಟಾ ಹೆಸರಿನ ಬಿಡುಗಡೆ. ಕೊರಿಯಾ, ಚೀನಾದ ಆನ್‌ಲೈನ್ ಗೇಮ್‌ಗಳಲ್ಲಿ ಈ ರೂಢಿ ಬಹಳ ದಿನದಿಂದ ಇದೆ. ಅಲ್ಲಿ ಪರೀಕ್ಷೆಯೆಲ್ಲ ಕ್ಲೋಸ್ಡ್ ಬೀಟಾದಲ್ಲೇ ಮುಗಿದಿರುತ್ತದೆ. ಓಪನ್ ಬೀಟಾ ಅಂದರೆ ಬಾಗಿಲು ತೆರೆಯಿತು ಅಂತಲೇ ಅರ್ಥ, ಆಡಿದ್ದು ಸಾಮಾನ್ಯವಾಗಿ ಉಳಿಯುತ್ತದೆ. ಕ್ಯಾಪ್ಟನ್‌ನ ಬಿಜಿಎಂಐ ಅನುಭವ ಇದಕ್ಕೆ ಹತ್ತಿರದ್ದು.

ಮೂರನೆಯದು ವಾರಾಂತ್ಯದ ರುಚಿ ತೋರಿಸುವ ಬೀಟಾ. ಡಯಾಬ್ಲೊ 4ರ ಓಪನ್ ಬೀಟಾ 2023ರ ಮಾರ್ಚ್ ಕೊನೆಯಲ್ಲಿ ಒಂದು ವಾರಾಂತ್ಯ ಇತ್ತು. ಲೆವೆಲ್ 25ಕ್ಕಿಂತ ಮೇಲೆ ಹೋಗುವಂತಿರಲಿಲ್ಲ. 20 ಮುಟ್ಟಿದವರಿಗೆ ಬೆನ್ನಿಗೆ ಕಟ್ಟಿಕೊಳ್ಳುವ ಒಂದು ತೋಳದ ಮರಿ ಬಹುಮಾನ. ಬಿಡುಗಡೆಗೆ ಉಳಿದದ್ದು ಬಹುಮಾನ ಮಾತ್ರ, ಪ್ರಗತಿ ಉಳಿಯಲಿಲ್ಲ. ಸರ್ವರ್ ಪರೀಕ್ಷೆಯೂ ಆಯಿತು, ಪ್ರಚಾರವೂ ಆಯಿತು.

ಈ ಹುಡುಗರು ಆಡುತ್ತಿದ್ದದ್ದು ಮೊದಲನೆಯ ಬಗೆ. ತಿಳಿದುಕೊಂಡದ್ದು ಎರಡನೆಯ ಬಗೆ. ದುಡ್ಡು ಹಾಕಿದ್ದೂ ಎರಡನೆಯದೆಂದು ನಂಬಿ.

ಮಾಡಿ ನೋಡಿದ್ದು

ಕ್ಯಾಪ್ಟನ್ ಮೊದಲು ಬಿಟ್ಟುಬಿಡೋಣ ಅಂದ. ಹೇಗೂ ಅಳಿಸಿಹೋಗುತ್ತೆ, ಇನ್ಯಾಕೆ ಅಂತ. ತಡೆದದ್ದು ಬಿಸಿಎ ಹುಡುಗಿ. ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾರ ಸಾಮಾನು ಯಾವಾಗ ಹೋಯಿತು ಅಂತ ಬರೆದಿಟ್ಟಿದ್ದಳು. 7:12, 7:40, 9:05, ಹೀಗೆ.

‘ಅಣ್ಣ, ಒಂದು ನೋಡಿ. ಹೋಗೋದೆಲ್ಲ ಸಂಜೆನೇ. ಬೆಳಗ್ಗೆ ಆಡಿದಾಗ ಒಂದ್ಸಲಾನೂ ಹೋಗಿಲ್ಲ’ ಅಂದಳು.

‘ಸಂಜೆ ಏನಿರುತ್ತಮ್ಮ ನಿಮ್ಮೂರಲ್ಲಿ?’ ಅಂದೆ.

ಕೇಳಿ ಬಾಯಿ ಮುಚ್ಚುವುದರೊಳಗೆ ಕ್ಯಾಪ್ಟನ್ ಎದ್ದು ನಿಂತ. ‘ಕರೆಂಟ್ ಹೋಗುತ್ತೆ!’

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. ಕರೆಂಟ್ ಹೋದರೆ ಮನೆಯ ರೌಟರ್ ಆರುತ್ತದೆ. ಯುಪಿಎಸ್ ಯಾರ ಮನೆಯಲ್ಲೂ ಇರಲಿಲ್ಲ. ವೈಫೈ ಹೋದ ಕೂಡಲೇ ಫೋನ್ ತಾನಾಗಿಯೇ ಮೊಬೈಲ್ ಡೇಟಾಗೆ ಹಾರುತ್ತದೆ. ಆ ಹಾರುವ ಕೆಲವು ಸೆಕೆಂಡಿನಲ್ಲಿ ಗೇಮ್ ಹೊಸದಾಗಿ ಲಾಗಿನ್ ಆಗುತ್ತದೆ, ಆದರೆ ಸರ್ವರ್ ಲೆಕ್ಕದಲ್ಲಿ ಹಳೆಯ ಲಾಗಿನ್ ಇನ್ನೂ ಮುಗಿದಿರುವುದಿಲ್ಲ. ಅಷ್ಟರೊಳಗೆ ಎತ್ತಿಕೊಂಡ ಸಾಮಾನು ಹಳೆಯ ಲೆಕ್ಕಕ್ಕೆ ಬರೆದು ಹೋಗುತ್ತಿರಬೇಕು ಅಂತ ನನ್ನ ಊಹೆ. ಬ್ಯಾಂಕಿನ ಆ್ಯಪ್‌ಗಳಲ್ಲಿ ಇದೇ ಥರದ ತೊಂದರೆ ನೋಡಿದ್ದೆ.

ಊಹೆ ಸಾಲದು, ಮಾಡಿ ತೋರಿಸಬೇಕು. ಮಾರನೇ ದಿನ ಹುಡುಗಿಯ ಮನೆಯಲ್ಲಿ ಎಲ್ಲರೂ ಸೇರಿದರು. ಕರೆಂಟ್‌ಗೆ ಕಾಯಲಿಲ್ಲ. ಅವಳು ಗವಿಯಲ್ಲಿ ಒಂದು ಅಗ್ಗದ ಗುರಾಣಿಯ ಮುಂದೆ ನಿಂತಳು, ಕ್ಯಾಪ್ಟನ್ ರೌಟರ್ ಪ್ಲಗ್ ಹಿಡಿದು ಕೂತ. ‘ಒಂದು, ಎರಡು, ಎತ್ತು’ ಅಂದ ತಕ್ಷಣ ಅವಳು ಗುರಾಣಿ ಎತ್ತುವುದು, ಇವನು ಪ್ಲಗ್ ಕೀಳುವುದು. ಹತ್ತು ಸಲ ಮಾಡಿದರು. ಏಳು ಸಲ ಗುರಾಣಿ ಮಾಯ. ಇನ್ನೊಂದು ವಿಚಿತ್ರವೂ ಸಿಕ್ಕಿತು: ಗುರಾಣಿ ಕಾಣದಿದ್ದರೂ ಚೀಲದ ತೂಕ ಹಾಗೇ ಇರುತ್ತಿತ್ತು. ಅಂದರೆ ಸಾಮಾನು ಎಲ್ಲೋ ಇದೆ, ತೋರಿಸುತ್ತಿಲ್ಲ.

ಅವಳು ರಿಪೋರ್ಟ್ ಬರೆದಳು. ಇಂಗ್ಲಿಷಿನಲ್ಲಿದ್ದ ಅದರ ತಿರುಳು ಇಷ್ಟು:

‘ಫೋನ್ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಗೇಮ್ ಆವೃತ್ತಿ. ಗವಿಯ ಹೆಸರು. ಮಾಡಿದ್ದು: ವೈಫೈನಲ್ಲಿ ಆಡುತ್ತಾ ಸಾಮಾನು ಎತ್ತಿ, ಎರಡು ಸೆಕೆಂಡಿನೊಳಗೆ ರೌಟರ್ ಆರಿಸಿದೆವು, ಫೋನ್ ಮೊಬೈಲ್ ಡೇಟಾಗೆ ಹೋಯಿತು. ಆಗಬೇಕಿದ್ದದ್ದು: ಸಾಮಾನು ಚೀಲದಲ್ಲಿರಬೇಕು. ಆದದ್ದು: ಸಾಮಾನು ಇಲ್ಲ, ತೂಕ ಮಾತ್ರ ಇದೆ. ಹತ್ತರಲ್ಲಿ ಏಳು ಸಲ. ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಆಗುವುದಿಲ್ಲ. ವಿಡಿಯೋ ಜೊತೆಗಿದೆ.’

ಏರೋಪ್ಲೇನ್ ಮೋಡಿನ ಆ ಸಾಲು ನಾನು ಹೇಳಿಕೊಟ್ಟದ್ದಲ್ಲ. ಅವಳೇ ಪರೀಕ್ಷಿಸಿ ಸೇರಿಸಿದ್ದು. ಯಾವಾಗ ಆಗುತ್ತದೆ ಅನ್ನುವಷ್ಟೇ ಯಾವಾಗ ಆಗುವುದಿಲ್ಲ ಅನ್ನುವುದೂ ಮುಖ್ಯ. ಎಷ್ಟೋ ವರ್ಷ ಕೆಲಸ ಮಾಡಿದವರಿಗೂ ಇದು ಹೊಳೆಯುವುದಿಲ್ಲ. ಅವತ್ತು ನನಗೆ ತುಂಬಾ ಖುಷಿಯಾಯಿತು.

ಈ ಪರೀಕ್ಷೆಯ ನಡುವೆಯೇ ಇನ್ನೊಂದು ಬಾಗಿಲು ತೆರೆದುಕೊಂಡಿತು. ಮೂವರಲ್ಲಿ ಒಬ್ಬ ಉಲ್ಟಾ ಮಾಡಿ ನೋಡಿದ. ಎತ್ತುವ ಬದಲು ನೆಲಕ್ಕೆ ಹಾಕಿ ಪ್ಲಗ್ ಕಿತ್ತ. ವಾಪಸ್ ಬಂದಾಗ ಗುರಾಣಿ ನೆಲದಲ್ಲೂ ಇತ್ತು, ಚೀಲದಲ್ಲೂ ಇತ್ತು. ಗೇಮರ್‌ಗಳು ಇದನ್ನು ಡ್ಯೂಪ್ ಅನ್ನುತ್ತಾರೆ. ಇದೇ ಆಟ ಚಿನ್ನದ ಗಟ್ಟಿಯ ಮೇಲೆ ಆಡಿದರೆ ರಾತ್ರಿ ಬೆಳಗಾಗುವುದರೊಳಗೆ ಆ ಸರ್ವರ್‌ನ ಸಾಹುಕಾರ ಅವನೇ.

ಗುಂಪು ಒಡೆದದ್ದು ಇಲ್ಲಿ. ‘ಹೇಗೂ ವೈಪ್ ಆಗುತ್ತಲ್ಲ, ಇರೋವಷ್ಟು ದಿನ ರಾಜನ ಥರ ಆಡೋಣ’ ಅಂದರು ಇಬ್ಬರು. ಮಾತಿನಲ್ಲಿ ತರ್ಕ ಇಲ್ಲದಿಲ್ಲ. ಕ್ಯಾಪ್ಟನ್ ಒಂದು ರಾತ್ರಿ ಯೋಚನೆ ಮಾಡಿ ಬೆಳಗ್ಗೆ ಅದನ್ನೂ ರಿಪೋರ್ಟ್ ಮಾಡಿಸಿದ. ‘ನನ್ನ ಕತ್ತಿ ಹೋಯ್ತು ಅಂತ ಬೈದೆ. ಈಗ ನಾನೇ ಸುಳ್ಳು ಕತ್ತಿ ಹುಟ್ಟಿಸಿದ್ರೆ ಬೈಯೋಕೆ ನನಗೆ ಬಾಯಿ ಎಲ್ಲಿರುತ್ತೆ?’ ಅಂದ. ಆ ಇಬ್ಬರು ಬೇರೆ ಗಿಲ್ಡ್‌ಗೆ ಹೋದರು.

ಆದದ್ದು

ಹದಿಮೂರನೇ ದಿನ ಉತ್ತರ ಬಂತು. ಎರಡೇ ಸಾಲು: ನಮ್ಮಲ್ಲೂ ಹಾಗೇ ಮಾಡಿ ನೋಡಿದೆವು, ಆಗುತ್ತಿದೆ, ಸರಿಪಡಿಸುತ್ತಿದ್ದೇವೆ. ಹದಿನಾರನೇ ದಿನದ ಪ್ಯಾಚ್ ನೋಟ್ಸ್‌ನಲ್ಲಿ (ಹೊಸ ಅಪ್‌ಡೇಟ್‌ನಲ್ಲಿ ಏನೇನು ಬದಲಾಯಿತು ಅನ್ನುವ ಪಟ್ಟಿ), ಸಂಪರ್ಕ ಬದಲಾದಾಗ ಸಾಮಾನು ಕಳೆದುಹೋಗುವ ಅಥವಾ ಎರಡಾಗುವ ತೊಂದರೆ ಸರಿಪಡಿಸಿದ್ದೇವೆ ಅಂತ ಒಂದು ಸಾಲು ಇತ್ತು. ಹೆಸರಿಲ್ಲ, ಧನ್ಯವಾದವಿಲ್ಲ. ಹುಡುಗಿ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದಾಳೆ. ಅವತ್ತು ಸಂಜೆ ಕರೆಂಟ್ ಹೋದಾಗ ನಾಲ್ಕೂ ಜನ ಮೊದಲು ಚೀಲ ತೆಗೆದು ನೋಡಿದರಂತೆ. ಎಲ್ಲಾ ಇತ್ತು.

ಐದು ಜನ ಹಾಕಿದ ಒಂದು ಸ್ಟಾರ್‌ನಿಂದ ಆಗದ ಕೆಲಸ ಒಂದು ರಿಪೋರ್ಟ್‌ನಿಂದ ಆಯಿತು. ಇದಕ್ಕೆ ಕಾರಣ ಕಂಪನಿಯವರ ಒಳ್ಳೆಯತನ ಅಂತ ನಾನು ಭಾವಿಸುವುದಿಲ್ಲ. ತಮ್ಮ ಕಂಪ್ಯೂಟರಿನಲ್ಲಿ ಮತ್ತೆ ಮಾಡಿ ನೋಡಲು ಆಗುವಂಥದ್ದನ್ನು ಮಾತ್ರ ಪ್ರೋಗ್ರಾಮರ್ ಸರಿಮಾಡಬಲ್ಲ. ಅವರ ಆಫೀಸಿನಲ್ಲಿ ದಿನಾ ಸಂಜೆ ಏಳಕ್ಕೆ ಕರೆಂಟ್ ಹೋಗುವುದಿಲ್ಲ.

ಡ್ಯೂಪ್ ಮಾಡಿದ ಇಬ್ಬರ ಅಕೌಂಟ್ ಹದಿನೇಳನೇ ದಿನ ನಿಂತುಹೋಯಿತು. ಬೀಟಾ ಆಡಿದವರಿಗೆಲ್ಲ ಸಿಕ್ಕ ಬಿರುದು ಅವರಿಗೆ ಸಿಗಲಿಲ್ಲ. ಪ್ರಗತಿ ಅಳಿಸಿದರೂ ಯಾರು ಏನು ಮಾಡಿದರು ಅನ್ನುವ ದಾಖಲೆಯನ್ನು ಅಳಿಸಬೇಕು ಅಂತೇನಿಲ್ಲವಲ್ಲ.

22ನೇ ದಿನ ಸರ್ವರ್ ಮುಚ್ಚಿತು. ಎಲ್ಲಾ ಅಳಿಯಿತು. ಎರಡು ತಿಂಗಳ ನಂತರ ಗೇಮ್ ಬಿಡುಗಡೆಯಾದಾಗ ಕ್ಯಾಪ್ಟನ್‌ಗೆ ನಾಣ್ಯ ವಾಪಸ್ ಬಂತು, ಕುದುರೆಯೂ ಬಂತು. ಚಿಕ್ಕವನಿಗೆ ಏನೂ ಬರಲಿಲ್ಲ. ಅಕೌಂಟ್ ಲಿಂಕ್ ಮಾಡಿಕೊಳ್ಳಿ ಅಂತ ಕ್ಯಾಪ್ಟನ್ ಮೂರು ಸಲ ಗ್ರೂಪಿನಲ್ಲಿ ಹಾಕಿದ್ದ. ವಯಸ್ಸಿನ ಪ್ರಶ್ನೆ ಬರುತ್ತದೆ, ಅಪ್ಪನಿಗೆ ಗೊತ್ತಾಗುತ್ತದೆ ಅಂತ ಹೆದರಿ ಹುಡುಗ ಸುಮ್ನಿದ್ದ. ಜಿಪಿಎ ಅಂತ ಶುರುವಾಗುವ ಪ್ಲೇ ಸ್ಟೋರ್ ಆರ್ಡರ್ ನಂಬರುಗಳನ್ನು ಕಂಪನಿಗೆ ಕಳಿಸಿದೆವು. ಗೆಸ್ಟ್ ಅಕೌಂಟಿನ ಮಾಹಿತಿ ಉಳಿದಿಲ್ಲ ಅಂತ ಉತ್ತರ ಬಂತು. ಪ್ಲೇ ಸ್ಟೋರ್‌ನಲ್ಲೇ ನೇರವಾಗಿ ರಿಫಂಡ್ ಕೇಳಲು ಇರುವ 48 ಗಂಟೆ ಯಾವತ್ತೋ ದಾಟಿತ್ತು.

ಆಮೇಲೆ ಅಪ್ಪ ಬ್ಯಾಂಕ್ ಎಸ್‌ಎಂಎಸ್ ನೋಡಿದರು. ಆಟೋ ಓಡಿಸುವವರು. ಸೀದಾ ಮೊಬೈಲ್ ಅಂಗಡಿಗೆ ಬಂದರು. ಕ್ಯಾಪ್ಟನ್ ಹೇಳಿದ ಪ್ರಕಾರ ಅವರು ಕೂಗಾಡಲಿಲ್ಲ. ‘ನೀನು ದೊಡ್ಡವನು ಅಂತ ನಿನ್ನ ಜೊತೆ ಬಿಟ್ಟಿದ್ದೆ ಕಣಪ್ಪ. ಮೂರು ದಿನದ ದುಡಿಮೆ ಅದು’ ಅಂದರಂತೆ. ಕುದುರೆ ಎಲ್ಲರ ಹತ್ತಿರ ಇದ್ದರೆ ಚೆನ್ನ ಅಂತ ಹಾಕಿದ್ದು ತಾನೇ ಅಲ್ವಾ ಅಂತ ಕ್ಯಾಪ್ಟನ್ ಅರ್ಧ ದುಡ್ಡು ಕೈಯಿಂದ ಕೊಟ್ಟ. ಉಳಿದರ್ಧವನ್ನು ಹುಡುಗ ಎರಡು ತಿಂಗಳು ಬೆಳಗ್ಗೆ ಪೇಪರ್ ಹಾಕಿ ತೀರಿಸಿದ.

ಈ ಪ್ರಕರಣದಿಂದ ತಿಳಿಯುವುದು

ಬೀಟಾ ಯಾವ ಬಗೆಯದು ಅನ್ನುವುದು ಹೆಸರಿನಿಂದ ತಿಳಿಯುವುದಿಲ್ಲ. ವೈಪ್, ಖರೀದಿ, ಮುಗಿಯುವ ದಿನ, ಈ ಮೂರರ ಬಗ್ಗೆ ಪ್ರಕಟಣೆ ಏನು ಹೇಳುತ್ತದೆ ಅನ್ನುವುದರಿಂದ ತಿಳಿಯುತ್ತದೆ. ಮುಗಿಯುವ ದಿನವನ್ನೇ ಹೇಳದೆ ಅಂಗಡಿ ತೆರೆದಿದ್ದರೆ ಅದು ಹೆಚ್ಚೂಕಡಿಮೆ ಬಿಡುಗಡೆಯಾದ ಗೇಮ್. ಫೋರ್ಟ್‌ನೈಟ್ 2017ರ ಜುಲೈನಲ್ಲಿ ಅರ್ಲಿ ಆಕ್ಸೆಸ್ ಹಣೆಪಟ್ಟಿಯೊಂದಿಗೆ ಬಂದು, ಅದು ಕಳಚಿದ್ದು 2020ರ ಜೂನ್ ಹೊತ್ತಿಗೆ. ಗೇಮ್ ಅಲ್ಲದಿದ್ದರೂ ಜಿಮೇಲ್ 2004ರಿಂದ 2009ರವರೆಗೆ ಬೀಟಾ ಅಂತಲೇ ಇತ್ತು. ಅಂಥ ಕಡೆ ಬೀಟಾ ಅನ್ನುವ ಮಾತಿನ ಅರ್ಥ ಇಷ್ಟೇ: ಏನಾದರೂ ಕೆಟ್ಟರೆ ಕ್ಷಮಿಸಿ.

ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ವೈಪ್ ಇರುವ ಬೀಟಾದಲ್ಲಿ ಅಂಗಡಿಯನ್ನು ಪರೀಕ್ಷಿಸಬೇಕಿದ್ದರೆ ಕಂಪನಿ ಆಟಗಾರರಿಗೆ ಪುಕ್ಕಟೆ ನಾಣ್ಯ ಕೊಟ್ಟು ಪರೀಕ್ಷಿಸಲಿ. ನಿಜವಾದ ದುಡ್ಡು ತೆಗೆದುಕೊಂಡು, ಹಿಂದಿರುಗಿಸುವಾಗ ನಾಣ್ಯವಾಗಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅದೂ ಗೆಸ್ಟ್ ಅಕೌಂಟಿನಲ್ಲಿ ಖರೀದಿಗೆ ಬಿಟ್ಟದ್ದು ಪೂರ್ತಿ ಕಂಪನಿಯ ತಪ್ಪು. ಹುಡುಗ ಹೆದರಿದ್ದು ಅವನ ತಪ್ಪಿರಬಹುದು, ಆದರೆ ಆ ಬಟನ್ ಇಟ್ಟದ್ದು ಅವನಲ್ಲ.

‘ಬೀಟಾ ತಾನೇ, ಬಿಡುಗಡೆಗೆ ಎಲ್ಲಾ ಸರಿ ಮಾಡ್ತಾರೆ’ ಅನ್ನುವುದನ್ನೂ ಸ್ವಲ್ಪ ನೋಡಬೇಕು. ಓಪನ್ ಬೀಟಾ ಹೊತ್ತಿಗೆ ಗೇಮ್ ಬಹುಪಾಲು ಸಿದ್ಧವಾಗಿರುತ್ತದೆ. ಸರ್ವರ್ ಹೊಂದಾಣಿಕೆ, ಕತ್ತಿಯ ಬಲದಂಥ ಅಂಕಿಸಂಖ್ಯೆ, ಹೀಗೆ ಮತ್ತೆ ಮಾಡಿ ತೋರಿಸಬಹುದಾದ ಬಗ್, ಇಷ್ಟು ಬದಲಾಗುತ್ತವೆ. ಗೇಮ್‌ನ ಮೂಲವೇ ಹಿಡಿಸದಿದ್ದರೆ ಅದು ಬದಲಾಗುವುದಿಲ್ಲ. ಬ್ಯಾಟಲ್‌ಫೀಲ್ಡ್ 2042ರ ಓಪನ್ ಬೀಟಾ 2021ರ ಅಕ್ಟೋಬರ್ ಆರಂಭದಲ್ಲಿ ಕೆಲವು ದಿನ ನಡೆಯಿತು. ಇದು ಕೆಲವು ತಿಂಗಳ ಹಿಂದಿನ ಆವೃತ್ತಿ, ಈಗ ಮುಂದೆ ಹೋಗಿದ್ದೇವೆ ಅಂತ ಆಗ ಹೇಳಿದ್ದರು. ನವೆಂಬರ್ 19ಕ್ಕೆ ಬಂದ ಗೇಮ್ ಆಟಗಾರರಿಂದ ಬೈಸಿಕೊಂಡಿತು. ಫೈನಲ್ ಫ್ಯಾಂಟಸಿ 14 ಅಂತೂ 2010ರ ಸೆಪ್ಟೆಂಬರ್‌ನಲ್ಲೇ ಓಪನ್ ಬೀಟಾ ಮಾಡಿ ಅದೇ ತಿಂಗಳು 30ಕ್ಕೆ ಬಿಡುಗಡೆಯಾಯಿತು. ಅಷ್ಟು ದಿನದಲ್ಲಿ ಏನು ಸರಿಮಾಡಲು ಸಾಧ್ಯ? ಆಮೇಲೆ ಸರ್ವರ್ ಮುಚ್ಚಿ, ಗೇಮನ್ನು ಮತ್ತೆ ಕಟ್ಟಿ, 2013ರ ಆಗಸ್ಟ್‌ನಲ್ಲಿ ಹೊಸದಾಗಿ ತಂದರು. ಬೀಟಾಕ್ಕೂ ಬಿಡುಗಡೆಗೂ ನಡುವೆ ಎಷ್ಟು ದಿನ ಇದೆ ಅಂತ ಎಣಿಸಿದರೆ ನಿಮ್ಮ ಮಾತು ಎಷ್ಟು ದೂರ ಹೋಗಬಲ್ಲದು ಅನ್ನುವ ಅಂದಾಜು ಸಿಗುತ್ತದೆ.

ನಮ್ಮ ಊರುಗಳ ಆಟಗಾರರಿಗೆ ಈ ಪ್ರಕರಣದಲ್ಲಿ ಇನ್ನೂ ಒಂದು ವಿಷಯ ಇದೆ. ಕರೆಂಟ್ ಹೋಗುವುದು, ಟವರ್ ಬದಲಾಗುವುದು, ಸ್ಕ್ರೀನ್ ಒಡೆದ ಹಳೆಯ ಫೋನು, ಮನೆಯವರೆಲ್ಲ ಹಂಚಿಕೊಳ್ಳುವ ಒಂದೇ ವೈಫೈ, ಇವನ್ನೆಲ್ಲ ನಾವು ನಮ್ಮ ಕೊರತೆ ಅಂತಲೇ ಎಣಿಸುತ್ತೇವೆ. ಬೀಟಾದಲ್ಲಿ ಅದೇ ನಮ್ಮ ಹತ್ತಿರ ಇರುವ ಮಾಲು. ಆ ಹುಡುಗಿಯ ರಿಪೋರ್ಟ್ ಬರದಿದ್ದರೆ ಬಿಡುಗಡೆಯಾದ ಗೇಮ್‌ನಲ್ಲಿ, ದುಡ್ಡು ಕೊಟ್ಟು ತೆಗೆದುಕೊಂಡ ಸಾಮಾನೂ ಇಂಥ ಊರುಗಳಲ್ಲಿ ಸಂಜೆ ಸಂಜೆ ಮಾಯವಾಗುತ್ತಿತ್ತು.

ಅವರ ವಾಟ್ಸಾಪ್ ಗ್ರೂಪಿನ ಮೇಲೆ ಈಗ ಒಂದು ಮೆಸೇಜ್ ಪಿನ್ ಆಗಿದೆ, ಹುಡುಗಿ ಬರೆದದ್ದು. ‘ಏನು ಮಾಡ್ತಿದ್ರಿ, ಏನಾಗ್ಬೇಕಿತ್ತು, ಏನಾಯ್ತು, ಎಷ್ಟು ಸಲ, ಆಗ ಕರೆಂಟ್ ಇತ್ತಾ?’ ಅದರ ಕೆಳಗೆ ಚಿಕ್ಕವನು ಸೇರಿಸಿದ ಒಂದು ಸಾಲು ಇದೆ: ‘ಗೆಸ್ಟ್ ಒತ್ತಬೇಡಿ.’